ತಾಂಡಾದ ಸೂಜಿ, ದೂರದೂರಿನ ಕ್ರಿಸ್ಮಸ್

ದೀಪಾವಳಿ ಮುಗಿಯಿತೆಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಭಾಗದ ತಾಂಡಾಗಳಲ್ಲಿ ಬೀಗ ಬಿದ್ದ ಮನೆಗಳು ಹೆಚ್ಚುತ್ತವೆ. ಮಂಡ್ಯದ ಕಡೆ ಕಬ್ಬು ಕಡಿಯಲು, ಮಲೆನಾಡಿನಲ್ಲಿ ಕಾಫಿ ಹಣ್ಣು ಬಿಡಿಸಲು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಜನ ಗಂಟುಮೂಟೆ ಕಟ್ಟುವ ಕಾಲ ಅದು. ಅದೇ ಡಿಸೆಂಬರಿನಲ್ಲಿ ದೊಡ್ಡ ಊರುಗಳ ಕರಕುಶಲ ಅಂಗಡಿಗಳಲ್ಲಿ ಕನ್ನಡಿ ಚೂರು, ಕವಡೆ ಹಚ್ಚಿದ ಲಂಬಾಣಿ ಕಸೂತಿಯ ಚೀಲ, ದಿಂಬಿನ ಗವುಸು, ಪರ್ಸು ಕ್ರಿಸ್ಮಸ್ ಉಡುಗೊರೆಗಳ ಸಾಲಿನಲ್ಲಿ ಕೂತಿರುತ್ತವೆ. ‘ಕೈಯಲ್ಲಿ ಮಾಡಿದ್ದು’ ಎಂಬ ಪುಟ್ಟ ಚೀಟಿ ಅವುಗಳಿಗೆ ಅಂಟಿರುತ್ತದೆ. ಯಾರ ಕೈ ಎಂಬುದು ಚೀಟಿಯಲ್ಲಿ ಇರುವುದು ಅಪರೂಪ.

ತನ್ನ ಮದುವೆಗೆಂದು ಹೆಣ್ಣುಮಗಳು ಹೊಲಿದಿಟ್ಟುಕೊಳ್ಳುತ್ತಿದ್ದ ವಸ್ತು ಗುರುತಿಲ್ಲದವರ ಹಬ್ಬದ ಉಡುಗೊರೆಯಾದದ್ದು ಹೇಗೆ? ಇದನ್ನು ಬೆನ್ನು ಹತ್ತಿದರೆ ನಮ್ಮ ಸೀಮೆಯ ಎರಡು ನೂರು ವರ್ಷದ ಚರಿತ್ರೆಯೇ ಸಿಗುತ್ತದೆ. ಅದರಲ್ಲಿ ಎತ್ತಿನ ಹೇರು ಇದೆ, ರೈಲಿದೆ, ಬಳ್ಳಾರಿಯ ಪಾದ್ರಿಗಳಿದ್ದಾರೆ, ಗಾಂಧೀಜಿಯೂ ಇದ್ದಾರೆ.

ಮೊದಲು ಮನೆಯಿಂದಲೇ ಶುರು ಮಾಡೋಣ. ‘ಉಡುಗೊರೆ’ ಎಂಬ ನಮ್ಮ ಮಾತಿನೊಳಗೇ ‘ಉಡು’ ಇದೆ. ಉಡಲಿಕ್ಕೆ ಕೊಡುವುದು ಅದರ ಹಳೆಯ ಅರ್ಥ. ಈಗಲೂ ನಮ್ಮಲ್ಲಿ ಮದುವೆಗೆ, ಕುಬುಸಕ್ಕೆ, ತೊಟ್ಟಿಲಿಗೆ ಹೋಗುವವರು ಬಟ್ಟೆ ಹಿಡಿದೇ ಹೋಗುತ್ತಾರೆ. ಅಂಗಡಿಯ ಬಟ್ಟೆ ಸುಲಭಕ್ಕೆ ಸಿಗದ ಕಾಲದಲ್ಲಿ ಮನೆಯ ಹೆಂಗಸರೇ ಹೊಲಿದದ್ದು ಹೋಗುತ್ತಿತ್ತು. ಕೂಸಿಗೆ ಕುಲಾವಿ, ಕುಂಚಿಗೆ, ಹಾಸಿ ಹೊದಿಸಲು ಸಣ್ಣ ಕೌದಿ. ‘ಕೂಸು ಹುಟ್ಟುವ ಮುಂಚೆ ಕುಲಾವಿ’ ಎಂದು ಅವಸರಗೇಡಿಗಳನ್ನು ಆಡಿಕೊಳ್ಳುತ್ತೇವಲ್ಲ, ಆ ಗಾದೆಯ ಹಿಂದೆ ಇರುವುದು ಇದೇ ರೂಢಿ. ಗಾದೆ ಏನೇ ಅನ್ನಲಿ, ಅಜ್ಜಿಯರು ಮಾತ್ರ ಕೂಸು ಹುಟ್ಟುವ ಮುಂಚೆಯೇ ಬಟ್ಟೆ ಚೂರು ಕೂಡಿಡುತ್ತಿದ್ದರು.

ಕೌದಿಯ ಲೆಕ್ಕ ಇನ್ನೂ ದೊಡ್ಡದು. ಅವ್ವನ ಹಳೆಯ ಸೀರೆ, ಅಪ್ಪನ ಸವೆದ ಧೋತರ, ಮಕ್ಕಳ ಅಂಗಿ, ಎಲ್ಲ ಹರಿದು, ತೊಳೆದು, ಒಣಗಿಸಿ, ಪದರ ಪದರವಾಗಿ ಹಾಸಬೇಕು. ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಬೇಕು. ಆಮೇಲೆ ಅಂಚಿನಿಂದ ನಡುವಿನತ್ತ ಸುತ್ತು ಸುತ್ತಾಗಿ ಓಟದ ಹೊಲಿಗೆ ಹಾಕುತ್ತಾ ಬರಬೇಕು. ಪದರ ಹೆಚ್ಚಾದಷ್ಟೂ ಸೂಜಿ ನೂಕುವ ಬೆರಳು ನೋಯುತ್ತದೆ. ಹೊಲದ ಕೆಲಸ ಕಡಿಮೆಯಿರುವ ಬೇಸಿಗೆಯಲ್ಲಿ, ಮಧ್ಯಾಹ್ನದ ನೆರಳಿನಲ್ಲಿ ನಾಲ್ಕಾರು ಹೆಂಗಸರು ಕೂತು ಹೊಲಿದರೂ ಒಂದು ಕೌದಿಗೆ ದಿನಗಟ್ಟಲೆ ಬೇಕು. ಬಟ್ಟೆಗೆ ಕಾಸಿನ ಖರ್ಚಿಲ್ಲ, ಖರ್ಚಾಗುವುದು ಹೊಲಿಯುವವಳ ಹೊತ್ತು. ಮಗಳು ಗಂಡನ ಮನೆಗೆ ಹೊರಟಾಗ, ಬಾಣಂತನ ಮುಗಿಸಿ ಕೂಸಿನೊಂದಿಗೆ ತಿರುಗಿ ಹೋಗುವಾಗ ಅದು ಗಂಟಿನಲ್ಲಿ ಸೇರುತ್ತಿತ್ತು. ಉತ್ತರ ಕನ್ನಡದ ಸಿದ್ದಿ ಹೆಂಗಸರೂ ಇಂಥದ್ದೇ ಕವಂದಿ ಹೊಲಿಯುತ್ತಾರೆ. ಅವರಲ್ಲಿ ನಾಲ್ಕೂ ಮೂಲೆಗೆ ‘ಫುಲಾ’ ಎಂಬ ಹೂವಿನ ತುಂಡು ಇಡದಿದ್ದರೆ ಕವಂದಿ ಪೂರ್ತಿಯಾಗದು.

ಕೊಟ್ಟು ತೆಗೆದುಕೊಳ್ಳುವ ಬೇರೆ ರೂಢಿಗಳೂ ನಮ್ಮಲ್ಲಿ ಬೇಕಾದಷ್ಟಿವೆ. ಗೌರಿ ಹುಣ್ಣಿಮೆಗೆ ಗಂಡಿನ ಮನೆಯವರು ಗೊತ್ತಾದ ಹೆಣ್ಣಿಗೆ ಸೀರೆಯ ಜೊತೆ ಸಕ್ಕರೆ ಆರತಿ ಒಯ್ಯುತ್ತಾರೆ. ಮರದ ಅಚ್ಚಿಗೆ ಸಕ್ಕರೆ ಪಾಕ ಹೊಯ್ದು ತೆಗೆದ ತೇರು, ನವಿಲು, ಗೋಪುರ. ರೊಟ್ಟಿ ಪಂಚಮಿಗೆ ಓಣಿಯಲ್ಲೆಲ್ಲ ಎಳ್ಳು ಹಚ್ಚಿದ ರೊಟ್ಟಿ, ಪಲ್ಯ ಕೈ ಬದಲಾಗುತ್ತವೆ. ಯಾರ ಮನೆಯ ರೊಟ್ಟಿ ತೆಳ್ಳಗಿತ್ತು ಎಂಬ ಮಾತು ವಾರಗಟ್ಟಲೆ ನಡೆಯುತ್ತದೆ. ಮಂಗಳೂರು ಕಡೆಯ ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್‌ಗೆ ‘ಕುಸ್ವಾರ್’ ಎಂಬ ತಿಂಡಿಗಳನ್ನು ಮಾಡಿ ತಟ್ಟೆ ತುಂಬಿ ನೆರೆಮನೆಗಳಿಗೆ ಹಂಚುತ್ತಾರೆ. ನೆವ್ರಿ ಎಂಬ ಕಡುಬು, ಕಿಡಿಯೊ ಎಂಬ ಸುರುಳಿ ತಿಂಡಿ, ಗುಲಾಬಿ ಹೂವಿನ ಅಚ್ಚಿನ ತಿಂಡಿ ಅದರಲ್ಲಿರುತ್ತವೆ. ರೊಟ್ಟಿ ಪಂಚಮಿ ಗೊತ್ತಿದ್ದವರಿಗೆ ಕುಸ್ವಾರ್ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಆದರೆ ಸೂಜಿ ದಾರದ ಉಡುಗೊರೆಯಲ್ಲಿ ನಮ್ಮ ಐದು ತಾಲ್ಲೂಕುಗಳ ಮಟ್ಟಿಗೆ ತಾಂಡಾದ ಹೆಂಗಸರನ್ನು ಮೀರಿಸಿದವರಿಲ್ಲ. ಇದು ನಮ್ಮ ಅಭಿಪ್ರಾಯ. ಕಂಬಳಿ ನೇಯುವ ಕುರುಬರು ನಮ್ಮ ಮೇಲೆ ಮುನಿಸಿಕೊಳ್ಳಬಾರದು. ಮೈಲಾರದ ಗೊರವಯ್ಯನ ಮೈಮೇಲಿನ ಕರಿ ಕಂಬಳಿಯ ಕಥೆಯೇ ಬೇರೆ ಲೇಖನ ಬೇಡುತ್ತದೆ.

ಲಂಬಾಣಿಗರು ಇಲ್ಲಿ ಕಬ್ಬು ಕಡಿಯುವ ಕೂಲಿಗಳಾಗಿ ಬಂದವರಲ್ಲ. ರೈಲಿಗಿಂತ ಮೊದಲು ದಖ್ಖನ್ನಿನ ಸರಕು ಸಾಗಣೆಯ ದೊಡ್ಡ ಪಾಲು ಅವರ ಎತ್ತುಗಳ ಬೆನ್ನ ಮೇಲಿತ್ತು. ಸಾವಿರಾರು ಎತ್ತುಗಳ ಹಿಂಡು ಕಟ್ಟಿಕೊಂಡು ಕರಾವಳಿಯ ಉಪ್ಪನ್ನು ಒಳನಾಡಿಗೆ, ಒಳನಾಡಿನ ಧಾನ್ಯವನ್ನು ಬೇಕಾದಲ್ಲಿಗೆ ಸಾಗಿಸುತ್ತಿದ್ದರು. ದಂಡು ಹೊರಟರೆ ಅದರ ಹಿಂದೆ ಅವರ ಧಾನ್ಯದ ಹೇರು. 1791-92ರಲ್ಲಿ ಟಿಪ್ಪುವಿನ ಮೇಲೆ ಬಂದ ಕಾರ್ನ್‌ವಾಲಿಸನ ಸೈನ್ಯ ಹೊಟ್ಟೆಗಾಗಿ ನೆಚ್ಚಿದ್ದು ಇವರನ್ನು. ಇಂಗ್ಲಿಷರು ಇವರನ್ನು ‘ಬ್ರಿಂಜಾರಿ’ ಎಂದು ಬರೆದರು. 1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟು, ಥಾಮಸ್ ಮನ್ರೋ ಕಲೆಕ್ಟರಾಗಿ ಬಂದಾಗಲೂ ಸರಕಿನ ದಾರಿಗಳಲ್ಲಿ ಓಡಾಡುತ್ತಿದ್ದದ್ದು ಈ ಎತ್ತುಗಳೇ.

ಮನೆಯೇ ಇಲ್ಲದೆ ನಡೆಯುವವರ ಆಸ್ತಿ ಮೈಮೇಲೆ, ಎತ್ತಿನ ಮೇಲೆ ಇರಬೇಕು. ಅಂಥ ಬದುಕಿನಲ್ಲಿ ಬೆಳೆದದ್ದು ಈ ಕಸೂತಿ. ಕೆಂಪು, ನೀಲಿ ದಪ್ಪ ಹತ್ತಿ ಬಟ್ಟೆ, ಬಣ್ಣದ ದಾರ, ಕನ್ನಡಿ ಚೂರು, ಕರಾವಳಿಯ ಕವಡೆ, ಹಳೆಯ ನಾಣ್ಯ, ಸೀಸದ ಮಣಿ. ಫೇಟಿಯಾ ಎಂಬ ಲಂಗ, ಕಾಂಚಳಿ ಎಂಬ ರವಿಕೆ, ಎತ್ತಿನ ಜೂಲು, ಎಲ್ಲಕ್ಕೂ ಇದೇ ಹೊಲಿಗೆ. ಮದುವೆಗೆಂದು ಬೇರೆ ಸಾಮಾನು ತಯಾರಾಗುತ್ತಿತ್ತು. ಅಡಿಕೆ, ಕಾಸು ಇಡುವ ಚೀಲಗಳು, ನೀರಿನ ಕೊಡ ಹೊರುವಾಗ ತಲೆಯ ಮೇಲಿಟ್ಟು ಹಿಂದೆ ಇಳಿಬಿಡುವ ಗಣ್ಣೋ, ಕೊಡದ ಮೇಲೆ ಮುಚ್ಚುವ ಫುಲಿಯಾ. ಹೆಣ್ಣುಮಗಳು ತಾಯಿ, ಅಜ್ಜಿಯ ಪಕ್ಕ ಕೂತು ಹೊಲಿಯಲು ಕಲಿಯುತ್ತಿದ್ದಳು, ಮದುವೆಯ ಹೊತ್ತಿಗೆ ತನ್ನ ಗಂಟು ತಾನೇ ತುಂಬಿಕೊಳ್ಳುತ್ತಿದ್ದಳು. ಗಂಡಿನ ಮನೆಯವರಿಗೆ ಆಕೆಯ ಕೈ ಹೇಗಿದೆ ಎಂದು ಹೇಳುತ್ತಿದ್ದದ್ದು ಆ ಗಂಟು. ಈ ಕಸೂತಿಯಲ್ಲಿ 14 ಬಗೆಯ ಹೊಲಿಗೆಗಳನ್ನು ಎಣಿಸುತ್ತಾರೆ. ಕಿಲಣ್, ವೆಲೆ, ಬಕ್ಯಾ, ಮಾಕಿ, ಸೂರ್ಯಕಾಂತಿ ಮಾಕಿ, ರೇಲೋ, ನಕ್ರಾ ಹೀಗೆ. ಅದರಲ್ಲಿ ಒಂದರ ಹೆಸರು ‘ಕೌದಿ’! ಊರಿನ ಕಟ್ಟೆಗೂ ತಾಂಡಾಕ್ಕೂ ಮಧ್ಯೆ ಏನೇನೋ ಅಂತರ ಇದ್ದರೂ ಹೊಲಿಗೆಯ ಹೆಸರು ಅತ್ತಿತ್ತ ನಡೆದಾಡಿದೆ.

ಆಮೇಲೆ ರೈಲು ಬಂತು. 19ನೆಯ ಶತಮಾನದ ಕೊನೆಗೆ ಬಳ್ಳಾರಿ, ಹೊಸಪೇಟೆ, ಗದಗ ಒಂದೇ ಹಳಿಯ ಮೇಲೆ ಬಂದವು. 20ನೆಯ ಶತಮಾನದ ಆರಂಭದಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೆ ಕವಲು ಹಳಿ ಬಿತ್ತು. ಉಪ್ಪು, ಹತ್ತಿ, ಜೋಳ ಹೇರಲು ಎತ್ತಿನ ಹಿಂಡು ಬೇಡವಾಯಿತು. ಮೇಲಿಂದ ಮೇಲೆ ಬರ. ಅಷ್ಟು ಸಾಲದೆಂಬಂತೆ 1871ರ ‘ಅಪರಾಧಿ ಬುಡಕಟ್ಟು’ ಕಾಯ್ದೆ. ಅಲೆದಾಡುವ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಬರೆದುಕೊಳ್ಳುವ ಕಾನೂನು ಅದು. ದೇಶದ ಹಲವೆಡೆ ಬಂಜಾರ ಗುಂಪುಗಳೂ ಆ ಪಟ್ಟಿಗೆ ಸೇರಿದವು. ಅದು ರದ್ದಾದದ್ದು ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ. ನಡೆಯುತ್ತಿದ್ದವರು ಕಾಡಂಚಿನಲ್ಲಿ, ಗುಡ್ಡದ ಬುಡದಲ್ಲಿ ತಾಂಡಾ ಕಟ್ಟಿ ನಿಂತರು. ಎತ್ತಿನ ಜೂಲು ಹೊಲಿಯುವ ಅಗತ್ಯ ಹೋಯಿತು. ಮದುವೆಯ ಗಂಟು ಮಾತ್ರ ಉಳಿಯಿತು.

ಇನ್ನು ಕ್ರಿಸ್ಮಸ್ ಕಡೆ ಬರೋಣ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಕನ್ನಡ ಕಲಿತು, ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೂತವರು ಅವರು. 1830ರ ದಶಕದ ಆರಂಭಕ್ಕೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಬಳ್ಳಾರಿಯ ದಂಡುಪ್ರದೇಶದಲ್ಲಿ ಬಿಳಿಯ ಸೈನಿಕರೂ ಇದ್ದರು. ಹೀಗೆ ನಮ್ಮ ಜಿಲ್ಲೆಗೆ ಡಿಸೆಂಬರ್ 25 ಒಂದು ಹಬ್ಬವಾಗಿ ಪರಿಚಯವಾಯಿತು. ಆಗ ಹರಪನಹಳ್ಳಿಯೂ ಬಳ್ಳಾರಿ ಜಿಲ್ಲೆಯೇ. ಪಾಪ, ಆ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರಕ್ಕೆ ಸೇರಿ ಈಗ ಸುಧಾರಿಸಿಕೊಳ್ಳುತ್ತಿದೆ.

ಕ್ರಿಸ್ಮಸ್ ಉಡುಗೊರೆ ಅನಾದಿಯಿಂದ ಹೀಗೇ ಇತ್ತು ಎಂದು ತಿಳಿಯಬೇಡಿ. ಹ್ಯಾಂಡ್ಸ್ ಬಳ್ಳಾರಿಗೆ ಬಂದ ಕಾಲಕ್ಕೆ ಇಂಗ್ಲೆಂಡಿನಲ್ಲಿ ಉಡುಗೊರೆ ಕೊಡುವ ರೂಢಿ ಹೊಸ ವರ್ಷದ ದಿನಕ್ಕೇ ಹೆಚ್ಚು ಅಂಟಿಕೊಂಡಿತ್ತು. ಅಲ್ಲಿ ಮೊದಲ ಕ್ರಿಸ್ಮಸ್ ಕಾರ್ಡು ಮಾರಾಟಕ್ಕೆ ಬಂದದ್ದು 1843ರಲ್ಲಿ. ರಾಣಿ ವಿಕ್ಟೋರಿಯಾಳ ಮನೆಯವರು ಸಿಂಗರಿಸಿದ ಮರದ ಸುತ್ತ ನಿಂತ ಚಿತ್ರ 1848ರಲ್ಲಿ ಪತ್ರಿಕೆಯಲ್ಲಿ ಬಂದ ಮೇಲೆ ಮನೆಮನೆಗೆ ಮರ ತರುವ ಆಸೆ ಹಬ್ಬಿತು. ಮರದ ಕೆಳಗೆ ಇಡಲು ಹೆಂಗಸರು ಮನೆಯಲ್ಲೇ ಹೊಲಿದ ಸೂಜಿಚೀಲ, ಕರವಸ್ತ್ರ, ಗೊಂಬೆ, ಉಣ್ಣೆಯ ಕಾಲುಚೀಲ ತಯಾರಾಗುತ್ತಿದ್ದವು. ಅಂಗಡಿಯ ಸಾಮಾನು ಅವುಗಳನ್ನು ಹಿಂದಕ್ಕೆ ತಳ್ಳಿದ್ದು ಆಮೇಲೆ.

ಆ ಕಾಲದಲ್ಲೇ ಇಂಗ್ಲೆಂಡಿನ ಊರೂರಿನ ಚರ್ಚುಗಳಲ್ಲಿ ಹೆಂಗಸರು ಗುಂಪಾಗಿ ಕೂತು ಹೊಲಿಯುವ ಕೂಟಗಳಿದ್ದವು. ಅಲ್ಲಿ ಹೊಲಿದ ಗೊಂಬೆ, ಅಂಗಿ, ಚೀಲಗಳನ್ನು ಪೆಟ್ಟಿಗೆಗೆ ತುಂಬಿ ಭಾರತ, ಆಫ್ರಿಕಾದ ಮಿಷನ್ ಠಾಣೆಗಳಿಗೆ ಹಡಗಿನಲ್ಲಿ ಕಳಿಸುತ್ತಿದ್ದರು. ಇಲ್ಲಿ ಶಾಲೆಯ ಹುಡುಗಿಯರಿಗೆ ಬಹುಮಾನವಾಗಿ ಕೊಡುವುದು, ಉಳಿದದ್ದನ್ನು ಸಂತೆ ಹಾಕಿ ಮಾರಿ ಶಾಲೆಯ ಖರ್ಚಿಗೆ ಹಾಕಿಕೊಳ್ಳುವುದು. ಅಂದರೆ 19ನೆಯ ಶತಮಾನದಲ್ಲಿ ಕೈಹೊಲಿಗೆಯ ಉಡುಗೊರೆ ಪೆಟ್ಟಿಗೆ ಬರುತ್ತಿದ್ದದ್ದು ಅಲ್ಲಿಂದ ಇಲ್ಲಿಗೆ. ಈಗ ಹೋಗುತ್ತಿರುವುದು ಇಲ್ಲಿಂದ ಅಲ್ಲಿಗೆ. ನಡುವೆ ಏನಾಯಿತು ಎಂಬುದೇ ಈ ಕಥೆಯ ತಿರುಳು.

ಸಾಹೇಬರ ಕ್ರಿಸ್ಮಸ್‌ಗೆ ಇಲ್ಲಿನವರು ಕೊಡುತ್ತಿದ್ದದ್ದೂ ಒಂದಿತ್ತು, ಅದರ ಹೆಸರು ‘ಡಾಲಿ’. ಹಣ್ಣು, ಹೂವು, ಮಿಠಾಯಿ ತುಂಬಿದ ತಟ್ಟೆ. ಕೆಳಗಿನ ನೌಕರರು, ಗುತ್ತಿಗೆದಾರರು ದೊಡ್ಡ ಸಾಹೇಬರ ಬಂಗಲೆಗೆ ಹಬ್ಬದ ದಿನ ಒಯ್ಯುತ್ತಿದ್ದರು. ಅದು ಉಡುಗೊರೆಯೋ ಕಾಣಿಕೆಯೋ ಲಂಚವೋ ಎಂಬುದು ತಟ್ಟೆಯ ಭಾರದ ಮೇಲೆ ನಿಂತಿತ್ತು ಅನ್ನಿ.

ಉಡುಗೊರೆ ದುಡ್ಡಾಗುವ ಇನ್ನೊಂದು ಬಗೆಯನ್ನು ತೋರಿಸಿದವರು ಗಾಂಧೀಜಿ. 1934ರ ಹರಿಜನ ಯಾತ್ರೆಯಲ್ಲಿ ಅವರು ನಮ್ಮ ಸೀಮೆಯನ್ನೂ ಹಾದುಹೋದರು. ಆ ಯಾತ್ರೆಯಲ್ಲಿ ಜನ ಪ್ರೀತಿಯಿಂದ ಕೊಟ್ಟ ವಸ್ತುಗಳನ್ನು ಸಭೆಯಲ್ಲೇ ಹರಾಜು ಹಾಕಿ ಹರಿಜನ ನಿಧಿಗೆ ಸೇರಿಸುತ್ತಿದ್ದರು. ಕೊಟ್ಟವರಿಗೆ ಬೇಸರವಾಗುತ್ತಿತ್ತೋ ಏನೋ! ಆದರೆ ತಾವು ಕೊಡುವ ಸರದಿ ಬಂದಾಗ ಅವರು ಮಾಡಿದ್ದೇ ಬೇರೆ. 1947ರ ನವೆಂಬರಿನಲ್ಲಿ ಇಂಗ್ಲೆಂಡಿನ ರಾಜಕುಮಾರಿ ಎಲಿಜಬೆತ್ ಮದುವೆಗೆ ಜಗತ್ತಿನ ರಾಜರು ಚಿನ್ನ, ವಜ್ರ ಕಳಿಸಿದರೆ, ಗಾಂಧೀಜಿ ತಾವೇ ನೂತ ನೂಲಿನಿಂದ ಹೆಣೆಸಿದ ಒಂದು ಬಟ್ಟೆಯ ತುಂಡನ್ನು ಮೌಂಟ್‌ಬ್ಯಾಟನ್ ಕೈಯಲ್ಲಿ ಕಳಿಸಿದರು. ಹೆಣೆದವಳು ಒಬ್ಬ ಪಂಜಾಬಿ ಹುಡುಗಿ. ಅದರ ಮೇಲೆ ‘ಜೈ ಹಿಂದ್’ ಎಂದಿತ್ತು. ಅದನ್ನು ಕಂಡು ಮುದುಕಿ ರಾಣಿ ಮೇರಿ ಗಾಂಧಿಯ ಪಂಚೆಯೇ ಇರಬೇಕೆಂದು ಮುಖ ಸಿಂಡರಿಸಿದ ಸಂಗತಿ ಪ್ರಸಿದ್ಧ. ಮೂರು ತಿಂಗಳೊಳಗೆ ಗಾಂಧೀಜಿ ಇರಲಿಲ್ಲ. ಅವರ ಚಿತಾಭಸ್ಮ ಇರಿಸಿದ ಸ್ಮಾರಕ ನಮ್ಮ ಕೂಡ್ಲಿಗಿಯಲ್ಲಿದೆ. ಬಸ್ಸಿಗೆ ಕಾಯುವ ಹೊತ್ತಿನಲ್ಲಾದರೂ ಒಮ್ಮೆ ಹೋಗಿ ನೋಡಿ.

ಪೆಟ್ಟಿಗೆ ದಿಕ್ಕು ಬದಲಿಸಿದ್ದು ಆ ಕಾಲದಲ್ಲೇ. 1946ರಲ್ಲಿ ಅಮೆರಿಕದ ಎಡ್ನಾ ರೂತ್ ಬೈಲರ್ ಎಂಬ ಹೆಂಗಸು ಪೋರ್ಟೊರಿಕೊ ದ್ವೀಪಕ್ಕೆ ಹೋದಾಗ ಅಲ್ಲಿನ ಬಡ ಹೆಂಗಸರ ಕಸೂತಿ ಕಂಡರು. ಒಂದಷ್ಟು ತಂದು ತಮ್ಮ ಊರಿನ ಗೆಳತಿಯರಿಗೆ ಕಾರಿನ ಡಿಕ್ಕಿಯಿಂದಲೇ ಮಾರಿದರು. ಅದೇ ಬೆಳೆದು ‘ಟೆನ್ ಥೌಸಂಡ್ ವಿಲೇಜಸ್’ ಎಂಬ ಅಂಗಡಿಗಳ ಸಾಲಾಯಿತು. 1960ರ ದಶಕದಲ್ಲಿ ಬ್ರಿಟನ್ನಿನ ಆಕ್ಸ್‌ಫ್ಯಾಮ್ ಕೂಡ ಬಡ ದೇಶಗಳ ಕೈಕೆಲಸ ಮಾರಲು ಶುರು ಮಾಡಿತು. ದಾನದ ಬದಲು ದುಡಿದದ್ದಕ್ಕೆ ಬೆಲೆ ಎಂಬ ವಿಚಾರ ಅದು. ಇಂಥ ಅಂಗಡಿಗಳಿಗೆ ವರ್ಷದ ಸುಗ್ಗಿ ಕ್ರಿಸ್ಮಸ್. ಅಲ್ಲಿ ಡಿಸೆಂಬರಿನಲ್ಲಿ ಮಾರಬೇಕಾದ ಚೀಲ ಇಲ್ಲಿ ಮಳೆಗಾಲದಲ್ಲೇ ಹೊಲಿದು ಮುಗಿಯಬೇಕು.

ನಮ್ಮ ಪಕ್ಕದ ಸಂಡೂರಿನಲ್ಲಿ 1980ರ ದಶಕದಲ್ಲಿ ಲಂಬಾಣಿ ಹೆಂಗಸರ ಕಸೂತಿಯನ್ನು ಮಾರುಕಟ್ಟೆಗೆ ತರುವ ಕೆಲಸ ಸಂಡೂರು ಕುಶಲ ಕಲಾ ಕೇಂದ್ರದಿಂದ ನಡೆಯಿತು. ಅಜ್ಜಿಯರಿಗೆ ಮಾತ್ರ ಗೊತ್ತಿದ್ದ ಹೊಲಿಗೆಗಳನ್ನು ಮತ್ತೆ ಹೊಲಿಸಿ, ಗಿರಾಕಿ ಕೇಳುವ ಅಳತೆಗೆ ತಂದರು. 2010ರಲ್ಲಿ ‘ಸಂಡೂರು ಲಂಬಾಣಿ ಕಸೂತಿ’ಗೆ ಭೌಗೋಳಿಕ ಸೂಚಕ ಸಿಕ್ಕಿತು. ನಮ್ಮ ಹಡಗಲಿ ಮಲ್ಲಿಗೆಗೆ ಸಿಕ್ಕಿದ್ದೂ ಇಂಥದ್ದೇ ಮಾನ್ಯತೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಹೊಲಿದ 1755 ವಸ್ತುಗಳನ್ನು ಒಂದೇ ಕಡೆ ಇಟ್ಟು ತೋರಿಸಿದರು, ಅದು ಗಿನ್ನೆಸ್ ದಾಖಲೆಯಾಯಿತು. ಆ ದಿನದ ಫೋಟೋ ನಿಮ್ಮ ಫೋನಿಗೂ ಬಂದಿರಬಹುದು.

ಇದರಿಂದ ಒಳ್ಳೆಯದಾಗಿದೆ. ಮನೆಯಲ್ಲಿ ಕೂತು ನಾಲ್ಕು ಕಾಸು ಕಾಣುವ ಹೆಂಗಸು ಕಬ್ಬಿನ ಗದ್ದೆಗೆ ಕೂಸನ್ನು ಎತ್ತಿಕೊಂಡು ಹೋಗಬೇಕಿಲ್ಲ. ಕಲೆ ಕೆಟ್ಟಿತು, ಮಾರಾಟಕ್ಕಿಟ್ಟರು ಎಂದು ಪೇಟೆಯಲ್ಲಿ ಕೂತು ಮರುಗುವವರ ಮಾತು ನಮಗೆ ಒಪ್ಪಿಗೆಯಿಲ್ಲ. ಮಾರುವ ಹಾದಿ ಇರುವುದರಿಂದಲೇ ಕೆಲವು ಹುಡುಗಿಯರು ಇವತ್ತು ಈ ಹೊಲಿಗೆ ಕಲಿಯುತ್ತಿದ್ದಾರೆ. ನಮ್ಮ ಐದು ತಾಲ್ಲೂಕುಗಳ ತಾಂಡಾಗಳಲ್ಲಿ ಈ ದುಡಿಮೆ ಸಿಕ್ಕವರಿಗಿಂತ ಗುಳೆ ಹೋಗುವವರೇ ಹೆಚ್ಚು ಎಂಬುದು ನಮ್ಮ ದೂರು. ಹೊಲಿಗೆಗೆ ಮನೆಯ ನೆರಳು, ಬಿಡುವು, ಪಕ್ಕದಲ್ಲಿ ಕೂತು ತಿದ್ದುವ ಅಜ್ಜಿ ಬೇಕು. ವರ್ಷಕ್ಕೆ ನಾಲ್ಕೈದು ತಿಂಗಳು ಗುಡಾರದಲ್ಲಿ ಕಳೆಯುವ ಹುಡುಗಿಗೆ ಮೂರೂ ಸಿಗುವುದಿಲ್ಲ. ಅಜ್ಜಿ ತಾಂಡಾದಲ್ಲಿ ಉಳಿದಿರುತ್ತಾಳೆ, ಮೊಮ್ಮಗಳು ಮಂಡ್ಯದಲ್ಲಿರುತ್ತಾಳೆ.

ಇನ್ನೊಂದು ಕಡೆ ಹಳೆಯ ಗಂಟುಗಳು ಖಾಲಿಯಾಗುತ್ತಿವೆ. ಹಳೆಯ ಬಂಜಾರ ಕಸೂತಿಗೆ ಸಂಗ್ರಹಕಾರರ ಪೇಟೆಯಲ್ಲಿ ಬೆಲೆಯಿದೆ. ಅಜ್ಜಿಯ ಫೇಟಿಯಾ, ಗಣ್ಣೋ ಒಂದು ಕೈಯಿಂದ ಇನ್ನೊಂದಕ್ಕೆ ದಾಟುತ್ತಾ ಹೋಗಿ ಎಲ್ಲೋ ಕತ್ತರಿಗೆ ಸಿಕ್ಕುತ್ತದೆ, ತುಂಡಾಗಿ ಹೊಸ ಚೀಲಕ್ಕೆ, ಜಾಕೆಟ್ಟಿಗೆ ಅಂಟುತ್ತದೆ. ಕತ್ತರಿಯಿಂದ ತಪ್ಪಿಸಿಕೊಂಡದ್ದು ವಸ್ತುಸಂಗ್ರಹಾಲಯ ಸೇರುತ್ತದೆ. ಅಲ್ಲಿ ಬಟ್ಟೆ, ಅಳತೆ, ಪ್ರದೇಶ ಎಲ್ಲ ಬರೆದಿರುತ್ತಾರೆ, ಹೊಲಿದವರ ಜಾಗದಲ್ಲಿ ಸಾಮಾನ್ಯವಾಗಿ ‘ಗೊತ್ತಿಲ್ಲ’ ಎಂದಿರುತ್ತದೆ. ತಾಂಡಾದಲ್ಲಿ ಇದ್ದಷ್ಟು ದಿನ ಅದು ಯಾರು ಹೊಲಿದದ್ದು, ಯಾರ ಮದುವೆಗೆ ಎಂದು ಎಲ್ಲರಿಗೂ ಗೊತ್ತಿತ್ತು.

ಊರಿನ ಕೌದಿಯ ಗತಿಯೂ ಬೇರೆಯಲ್ಲ. ಹತ್ತಿ ಸೀರೆ ಹೋಗಿ ಪಾಲಿಯೆಸ್ಟರ್ ಬಂದ ಮೇಲೆ ಕೌದಿ ಜಾರುತ್ತದೆ, ಬೆವರು ಹೀರುವುದಿಲ್ಲ. ಸಂತೆಯಲ್ಲಿ ಬಣ್ಣದ ರಗ್ಗು ಸಿಗುತ್ತದೆ. ಹೊಲಿಯಬಲ್ಲವರು ಮನೆಗೊಬ್ಬರಂತೆ ಇದ್ದದ್ದು ಓಣಿಗೊಬ್ಬರಾಗಿದ್ದಾರೆ. ಆದರೂ ಹುಟ್ಟಿದ ಕೂಸಿಗೆ ಹೊಸ ಬಟ್ಟೆಗಿಂತ ಮೊದಲು ಮೆತ್ತಗಿನ ಹಳೆಯ ಬಟ್ಟೆಯೇ ಸುತ್ತಬೇಕೆಂಬ ರೂಢಿ ಇನ್ನೂ ಬಿಟ್ಟಿಲ್ಲ. ಆ ನೆಪದಲ್ಲಾದರೂ ಯಾರೋ ಒಬ್ಬ ಅಜ್ಜಿ ಸೂಜಿ ಹುಡುಕುತ್ತಾಳೆ.

ನಿಮ್ಮ ಮನೆಯ ಪೆಟ್ಟಿಗೆಯಲ್ಲಿ, ಅಟ್ಟದ ಮೇಲೆ ಹಳೆಯ ಕೌದಿ, ಕುಂಚಿಗೆ, ಗಣ್ಣೋ, ಫುಲಿಯಾ ಇದ್ದರೆ ಈ ಡಿಸೆಂಬರಿನಲ್ಲಿ ಒಂದು ಸಲ ಹೊರಗೆ ತೆಗೆದು ಬಿಸಿಲಿಗೆ ಹಾಕಿ. ಮನೆಯ ಹಿರಿಯರನ್ನು ಕೇಳಿ: ಯಾರು ಹೊಲಿದದ್ದು, ಯಾರಿಗಾಗಿ, ಸುಮಾರು ಯಾವ ವರ್ಷ, ಯಾವ ಸೀರೆಯ ತುಂಡು ಎಲ್ಲಿದೆ. ಹೇಳಿದ್ದನ್ನು ಫೋನಿನಲ್ಲಿ ಬರೆದಿಟ್ಟರೆ ಫೋನು ಕೆಟ್ಟಾಗ ಹೋಗುತ್ತದೆ. ಅದರ ಬದಲು ಅಂಗೈಯಗಲದ ಬಿಳಿ ಬಟ್ಟೆಯ ಮೇಲೆ ಹೊಲಿದವರ ಹೆಸರು, ಊರು ಬರೆದು, ಅಕ್ಷರದ ಮೇಲೆ ದಾರ ಓಡಿಸಿ, ಹಿಂಬದಿಗೆ ಹೊಲಿದುಬಿಡಿ. ಸೂಜಿ ಹಿಡಿದು ರೂಢಿಯಿದ್ದವರಿಗೆ ಒಂದು ಮಧ್ಯಾಹ್ನದ ಕೆಲಸ.